ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದೀರಿ?

ಕಳೆದ ವಾರ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದಳು. ಇಂದೋರ್ ಐಐಎಂ 2011ರಿಂದ ಪಿಯುಸಿ ಮುಗಿಸಿದವರಿಗೆ ನಡೆಸುತ್ತಿರುವ ಐದು ವರ್ಷದ ಕೋರ್ಸಿಗೂ, ಹುಬ್ಬಳ್ಳಿಯಲ್ಲಿ ಬಿಬಿಎಗೂ ಅರ್ಜಿ ಹಾಕಬೇಕೆಂದಿದ್ದಾಳೆ. "ಸಂದರ್ಶನದಾಗ ಬ್ಯಾರೆ ಎಲ್ಲಿ ಹಾಕೀರಿ ಅಂತ ಕೇಳಿದ್ರ ಏನ್ ಹೇಳ್ಲಿ ಸರ್? ಎಲ್ಲೂ ಇಲ್ಲ ಅಂದುಬಿಡ್ಲೇನು?"

ಹಾಗೆ ಹೇಳಬೇಡ ಎಂದೆ. ಏಕೆಂದರೆ ನಾನು ಹಾಗೆ ಹೇಳಿ ಕೆಟ್ಟವನು.

ನಾನು ಶಲವಡಿಯವನು. ಬಿ.ಕಾಂ. ಮುಗಿಸಿ ಎಂಬಿಎಗೆ ಪ್ರಯತ್ನಿಸಿದ ಮೊದಲ ವರ್ಷ ಮೂರು ಕಡೆ ಅರ್ಜಿ ಹಾಕಿದ್ದೆ. ಒಂದು ಸಂಸ್ಥೆಯಿಂದ ಸಂದರ್ಶನಕ್ಕೆ ಕರೆ ಬಂತು. ಅದರ ಹೆಸರು ಇಲ್ಲಿ ಬೇಡ. ಇದೇ ಪ್ರಶ್ನೆ ಕೇಳಿದರು. "ಎಲ್ಲೂ ಇಲ್ಲ ಸರ್, ನಿಮ್ಮಲ್ಲೇ ಓದಬೇಕೆಂಬ ಆಸೆ" ಎಂದೆ. ಅವರು ನನ್ನ ಅರ್ಜಿಯ ಎರಡನೇ ಪುಟ ತಿರುವಿ ನನ್ನ ಮುಂದಿಟ್ಟರು. ಉಳಿದೆರಡು ಸಂಸ್ಥೆಗಳ ಹೆಸರನ್ನು ಅಲ್ಲಿ ನಾನೇ ಕೈಯಾರೆ ಬರೆದಿದ್ದೆ! ಆಮೇಲೆ ಬ್ಯಾಲೆನ್ಸ್ ಶೀಟ್ ಬಗ್ಗೆ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರಿಸಿದೆ. ಸೀಟು ಸಿಗಲಿಲ್ಲ.

ಊರಿಗೆ ಬಂದು ಹೇಳಿದಾಗ ಅಬ್ಬಾ ನಕ್ಕರು. ಹೆಸರುಕಾಳು ಮಾರಲು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗುತ್ತಿದ್ದವರು ಅವರು. "ಬ್ಯಾರೆ ಅಂಗಡ್ಯಾಗ ತೋರಿಸೀಯೇನು ಅಂತ ಅವರು ಕೇಳೇ ಕೇಳ್ತಾರ. ಹೌದು, ತೋರಿಸೇನಿ ಅಂತೀನಿ. ನಿಮ್ಮ ಒಂದ ಅಂಗಡಿಗೆ ಬಂದೇನಿ ಅಂದ್ರ ಯಾರ್ ನಂಬ್ತಾರ?"

ಸಂದರ್ಶನ ಮಾಡುವವರೂ ನಂಬುವುದಿಲ್ಲ. ಕ್ಯಾಟ್ ಬರೆಯುವವರು ಅರ್ಜಿ ತುಂಬುವಾಗಲೇ ಯಾವ ಯಾವ ಐಐಎಂ ಬೇಕೆಂದು ಗುರುತು ಹಾಕುತ್ತಾರೆ. ಅದೇ ಅಂಕ ನೋಡಿ ಐಐಎಂ ಅಲ್ಲದ ಅನೇಕ ಸಂಸ್ಥೆಗಳೂ ಕರೆಯುತ್ತವೆ. ಹಾಗಾಗಿ ಈ ಪ್ರಶ್ನೆಯಲ್ಲಿ ಅವರು ನಿಷ್ಠೆ ಅಳೆಯುತ್ತಿಲ್ಲ. ನಿಮ್ಮ ಪಟ್ಟಿಯ ಹಿಂದೆ ಏನಾದರೂ ವಿಚಾರವಿದೆಯೇ ಎಂದು ನೋಡುತ್ತಾರೆ.

ನಮ್ಮ ಕಡೆಯ ಹುಡುಗನೊಬ್ಬ 1979ರಲ್ಲಿ ಶುರುವಾದ ಗುಜರಾತಿನ ಆನಂದದ ಇರ್ಮಾ, ಆಹಾರ ಮತ್ತು ಕೃಷಿ ವ್ಯವಹಾರಕ್ಕೆಂದೇ ಪ್ರತ್ಯೇಕ ಕೋರ್ಸ್ ಇರುವ ಅಹಮದಾಬಾದ್ ಐಐಎಂ, ಧಾರವಾಡ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆ, ಈ ಮೂರಕ್ಕೆ ಅರ್ಜಿ ಹಾಕಿದ್ದಾನೆ ಎಂದುಕೊಳ್ಳಿ. "ಎರೆಭೂಮಿಯ ರೈತರ ಮನೆಯವನು, ಕೃಷಿ ಮಾರುಕಟ್ಟೆ ಕಲಿಯಬೇಕು, ಅದಕ್ಕೆ ಮೊದಲೆರಡು. ಧಾರವಾಡ ಮನೆಗೆ ಹತ್ತಿರ, ಖರ್ಚು ಕಡಿಮೆ" ಎಂದು ಹೇಳಿದರೆ ಪಟ್ಟಿಯೇ ಅವನ ಪರವಾಗಿ ಮಾತಾಡುತ್ತದೆ. ಖರ್ಚಿನ ಮಾತಿಗೆ ನಮ್ಮ ಮಕ್ಕಳು ಸಂಕೋಚಪಡುತ್ತಾರೆ. ಯಾಕೋ ಗೊತ್ತಿಲ್ಲ, ವ್ಯವಹಾರ ಕಲಿಯಲು ಹೊರಟವರು ಲೆಕ್ಕ ಹಾಕಿದ್ದರೆ ತಪ್ಪೇನು? ಗೆಳೆಯರು ಹಾಕಿದರೆಂದು ನೀವೂ ಹಾಕಿದ ಅರ್ಜಿಯೊಂದಿದ್ದರೆ ಕಷ್ಟ ಅಲ್ಲಿ. ಅದಕ್ಕೆ ಕಾರಣ ಹುಡುಕಿಕೊಂಡು ಹೋಗಿ, ಸಿಗದಿದ್ದರೆ ಅರ್ಜಿ ಶುಲ್ಕ ಉಳಿಸಿ.

"ಎರಡೂ ಕಡೆ ಸಿಕ್ಕರೆ ಯಾವುದು?" ಎಂದೂ ಕೇಳುತ್ತಾರೆ. ಇನ್ನೊಂದು ಸಂಸ್ಥೆಯನ್ನು ಹೀಗಳೆಯಬೇಡಿ. ತೀರ್ಮಾನಿಸಿಲ್ಲವಾದರೆ, ಯಾವ ವಿಷಯ ತಿಳಿದ ಮೇಲೆ ತೀರ್ಮಾನಿಸುತ್ತೀರಿ ಎಂದು ಹೇಳಿ: ವಿದ್ಯಾರ್ಥಿವೇತನ, ಹಾಸ್ಟೆಲ್, ಬೋಧನಾ ವಿಷಯ.

ಪಿಜಿಸಿಇಟಿಯಲ್ಲಿ ಈ ತೊಡಕಿಲ್ಲ. ಅಲ್ಲಿ ಸಂದರ್ಶನವಿಲ್ಲ, ರ್‍ಯಾಂಕ್ ಮತ್ತು ಆಪ್ಷನ್ ಎಂಟ್ರಿ ಅಷ್ಟೆ. ಆದರೂ "ಇದು ಸಿಗಲಾರದು" ಎಂದು ತಮಗೆ ಬೇಕಾದ ಕಾಲೇಜನ್ನು ಕೆಳಗೆ ಬರೆಯುವವರನ್ನು ನೋಡಿದ್ದೇನೆ. ಹಂಚಿಕೆ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಬೇಕಾದದ್ದನ್ನು ಮೊದಲು ಬರೆದರೆ ಕೆಳಗಿನದು ಕೈತಪ್ಪುವುದಿಲ್ಲ.

ಇನ್ನೊಂದು ಮಾತು ಪಾಲಕರಿಗೂ ತಿಳಿದಿರಲಿ. ಒಂದು ಕಡೆ ಶುಲ್ಕ ಕಟ್ಟಿದ ಮೇಲೆ ಇನ್ನೊಂದು ಕಡೆ ಸಿಕ್ಕರೆ ಹೆದರಬೇಡಿ. ಎಐಸಿಟಿಇ ನಿಯಮದಂತೆ ಕೋರ್ಸ್ ಶುರುವಾಗುವ ಮೊದಲು ಬಿಟ್ಟರೆ, ಹೆಚ್ಚೆಂದರೆ 1000 ರೂಪಾಯಿ ಹಿಡಿದು ಉಳಿದ ಶುಲ್ಕ ಮರಳಿಸಬೇಕು. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಬಿಡುವುದಾದರೆ ಅದೇ ದಿನ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಎರಡನೇ ವರ್ಷ ನಾನು ಮತ್ತೆ ಮೂರು ಕಡೆ ಹಾಕಿದೆ, ಕೇಳಿದಾಗ ಮೂರೂ ಹೇಳಿದೆ. ಸೀಟು ಸಿಕ್ಕಿದ್ದು ಕಾಯುವ ಪಟ್ಟಿಯಿಂದ, ತರಗತಿ ಶುರುವಾಗಲು ನಾಲ್ಕು ದಿನ ಇದ್ದಾಗ. ಯಾರೋ ಬೇರೆ ಕಡೆ ಸೇರುತ್ತೇನೆಂದು ಪತ್ರ ಬರೆದಿದ್ದರಂತೆ.