ಗ್ರೌಟ್ ತುಂಬುವ ಮೊದಲು

ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಸಿವಿಲ್ ಓದಿ ಸೈಟಿಗೆ ಇಳಿಯುತ್ತಿರುವ ಮಕ್ಕಳೇ, ಈ ಮಾತು ನಿಮಗೆ. ಕಡಿದ ಮಣ್ಣಿನ ಗೋಡೆ ಜರಿಯದಿರಲೆಂದು ತೂತು ಕೊರೆದು, ಸರಳಿಟ್ಟು, ಗ್ರೌಟ್ ತುಂಬಿ ಸಾಯಿಲ್ ನೇಲ್ ಹಾಕುವಾಗ ಸರಳಿನ ಗ್ರೇಡ್ ಎಲ್ಲರೂ ಕೇಳುತ್ತಾರೆ. ತೂತಿನೊಳಗೆ ಟಾರ್ಚ್ ಬಿಟ್ಟು ನೋಡುವವರು ಕಡಿಮೆ. ಸರಳು ತುಂಡಾಗುವ ಮೊದಲೇ ಗ್ರೌಟ್ ಮಣ್ಣಿನಿಂದ ಕಳಚಿಕೊಂಡು ಬರಬಹುದು.

ಲೆಕ್ಕ ಹಾಕಿ. 100 ಮಿಮೀ ತೂತು, ಜರಿಯಬಹುದಾದ ಭಾಗದ ಹಿಂದಿನ ಗಟ್ಟಿ ಮಣ್ಣಿನಲ್ಲಿ 6 ಮೀಟರ್ ಉದ್ದ, ಚದರ ಮೀಟರಿಗೆ 100 ಕಿಲೋನ್ಯೂಟನ್ ಹಿಡಿತ ಅಂದರೆ ಒಟ್ಟು ಸುಮಾರು 188 ಕಿಲೋನ್ಯೂಟನ್, 19 ಟನ್ ತೂಕದಷ್ಟು. ತೂತಿನ ಒಳಮೈಗೆ ಜೇಡಿ ಮೆತ್ತಿಕೊಂಡು ಹಿಡಿತ ಅರ್ಧಕ್ಕಿಳಿದರೆ ಉಳಿಯುವುದು 94. ಸರಳು ಅದೇ, ಖರ್ಚೂ ಅದೇ.

ನಮ್ಮೂರು ಕೆಜಿಎಫ್‌ನ ಚಿನ್ನದ ಗಣಿಯ ಹೆಮ್ಮೆ ನನಗೂ ಇದೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಬಂಡೆ ಸಿಡಿತದ ನಡುವೆ ದುಡಿದ ಊರಿದು. 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಶುರುವಾದದ್ದೂ ಇಲ್ಲೇ. ಆದರೆ ಗಣಿಯಲ್ಲಿ ಬಂಡೆಗೆ ಹಾಕುವ ಬೋಲ್ಟಿನ ಅಂಕಿಯನ್ನು ಮಣ್ಣಿಗೆ ತರಬೇಡಿ. ಬೋಲ್ಟನ್ನು ಮೊದಲೇ ಬಿಗಿದು ಕೂರಿಸಬಹುದು. ನೇಲ್ ಮಣ್ಣು ಕೊಂಚ ಸರಿದ ಮೇಲಷ್ಟೇ ಭಾರ ಹೊರುತ್ತದೆ.

ಗಟ್ಟಿ ಗರಸಿನಲ್ಲಿ ನೇಲ್ ಜಾರಲು ಹೊರಟಾಗ ಹರಳುಗಳು ಒಂದರ ಮೇಲೊಂದು ಹತ್ತಿ ಉಬ್ಬಲು ನೋಡುತ್ತವೆ. ಸುತ್ತಲಿನ ಮಣ್ಣು ಅದಕ್ಕೆ ಬಿಡದು. ಆ ಒತ್ತಡವೇ ನೇಲನ್ನು ಅಮುಕಿ ಹಿಡಿಯುತ್ತದೆ. ಸಡಿಲ ಮಣ್ಣಿನಲ್ಲಿ ಈ ಉಪಕಾರವಿಲ್ಲ. ಮೇಲಿನ ಮಣ್ಣಿನ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂದು ನೆಮ್ಮದಿಯಾಗಿರಬೇಡಿ, ಡ್ರಿಲ್ ಹೊಡೆದೊಡನೆ ತೂತಿನ ಸುತ್ತ ಆ ಒತ್ತಡ ಸಡಿಲುತ್ತದೆ. ಗ್ರೌಟನ್ನು ಒತ್ತಿ ತುಂಬಿದರೆ ಒಂದಿಷ್ಟು ಮರಳಿ ಬರುತ್ತದೆ. ತೂತನ್ನು ರಾತ್ರಿಯಿಡೀ ತೆರೆದಿಡಬೇಡಿ. ಧೂಳು ಊದಿ ತೆಗೆದು, ಪೈಪನ್ನು ತಳದವರೆಗೆ ಇಳಿಸಿ, ಅಲ್ಲಿಂದ ತುಂಬಿಸುತ್ತ ಬನ್ನಿ.

ನನಗೆ ಹೆಚ್ಚು ಭಯ ನೀರಿನದು. ಏಪ್ರಿಲ್‌ನಲ್ಲಿ ನಮ್ಮ ಕೆಂಪು ಮಣ್ಣು ಹಾರೆಗೂ ಜಗ್ಗದು. ಆಗ ಎಳೆದು ನೋಡಿದ ನೇಲ್ ಧೈರ್ಯ ಕೊಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಅದೇ ಮಣ್ಣು ನೆನೆದಾಗ ಕಣಕಣದ ನಡುವಿನ ಬಿಗಿ ಹೋಗುತ್ತದೆ. ಬೇಸಿಗೆಯ ಅಂಕಿ ನಂಬಿ ಮಳೆಗಾಲದ ಗೋಡೆ ನಿಲ್ಲಿಸಬೇಡಿ; ನೀರು ಹೊರಬರಲು ಪೈಪ್ ಇಡದೆ ಮುಖಕ್ಕೆ ಕಾಂಕ್ರೀಟ್ ಹೊಡೆಸಬೇಡಿ.

ಮಣ್ಣು ಬದಲಾದಲ್ಲೆಲ್ಲ ಪರೀಕ್ಷೆಗೆಂದೇ ಬೇರೆ ನೇಲ್ ಹಾಕಿಸಿ. ಗ್ರೌಟ್ ಬಲಿತ ಮೇಲೆ ಜಾಕ್ ಇಟ್ಟು ಎಳೆಸಿ. ಭಾರವನ್ನು ಹಂತಹಂತವಾಗಿ ಏರಿಸಿ, ಹಾಗೇ ಹಿಡಿದಿಟ್ಟು, ನೇಲ್ ಇನ್ನೂ ಸರಿಯುತ್ತಲೇ ಇದೆಯೇ ನೋಡಿ. ದಿನ ಹಾಳಾಯಿತೆಂದು ಕಂಟ್ರಾಕ್ಟರು ಗೊಣಗಿದರೆ ಗೊಣಗಲಿ. ಆ ಗೋಡೆಯ ಬುಡದಲ್ಲಿ ಕೂಲಿಯವರು ಕೆಲಸ ಮಾಡುತ್ತಿರುತ್ತಾರೆ. ಅಂಕಿ ಕಣ್ಣಾರೆ ಕಾಣುವವರೆಗೆ ಸಹಿ ಹಾಕಬೇಡಿ.