ಬಾಗಿಲು ಹಿಡೀತಿದ್ಯಾ? ಹೆರೆಸೋಕೆ ಮುಂಚೆ ಇಷ್ಟು ನೋಡಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಮ್ಮ ಕಡೆ ಎಲ್ಲಿ ಹೋದರೂ ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ಈ ಮಾತು ಕೇಳತ್ತೆ: "ಬಾಗ್ಲು ಹಿಡ್ಕೊಂಡ್ಬುಟ್ಟದೆ, ಆಚಾರ್ರಿಗೆ ಹೇಳಿ ಒಸಿ ಹೆರೆಸ್ಬೇಕು." ಹೆರೆಸಿದರೆ ಆ ದಿನಕ್ಕೆ ಸರಿಹೋಗತ್ತೆ. ಆದರೆ ಮಾರ್ಚ್ ಬಿಸಿಲಿಗೆ ಮರ ಒಣಗಿ ಕುಗ್ಗಿದಾಗ ಸಂದು ಬಿಟ್ಟು ಚಿಲಕವೇ ಕೂರಲ್ಲ. ಹೆರೆದ ಮರ ವಾಪಸ್ ಬರಲ್ಲ. ಹಾಗಾಗಿ ಮೊದಲು ಕಾರಣ ಹುಡುಕೋಣ.

ಮರ ಯಾಕೆ ಉಬ್ಬತ್ತೆ?

ಮರ ಗಾಳಿಯ ತೇವ ಹೀರುತ್ತೆ. ಉದ್ದಕ್ಕೆ ಹೆಚ್ಚೇನೂ ಬೆಳೆಯಲ್ಲ, ಅಗಲಕ್ಕೆ ಬೆಳೆಯುತ್ತೆ. ತೇಗದಲ್ಲಿ ತೇವಾಂಶ ಶೇ. 1 ಏರಿದರೆ ಅಗಲ ಸುಮಾರು ಶೇ. 0.1ರಿಂದ 0.2 ಹೆಚ್ಚುತ್ತೆ, ಅದು ಹಲಗೆ ಕುಯ್ದ ರೀತಿ ಮೇಲೆ ಹೋಗತ್ತೆ. ಲೆಕ್ಕ ಹಾಕೋಣ: ಹಲಗೆಗಳನ್ನು ಉದ್ದಕ್ಕೆ ಜೋಡಿಸಿದ 800 ಮಿ.ಮೀ. ಅಗಲದ ಬಾಗಿಲು, ತೇವ ಶೇ. 4 ಏರಿತು ಅಂದರೆ 3ರಿಂದ 6 ಮಿ.ಮೀ. ಉಬ್ಬತ್ತೆ. ಚೌಕಟ್ಟಿನಲ್ಲಿ ಬಿಟ್ಟಿರೋ ಸಂದೇ ಅಷ್ಟಿರಲ್ಲ!

ಎಲ್ಲಿ ಉಜ್ಜುತ್ತಿದೆ?

1. ಚಿಲಕದ ಕಡೆಯ ಮೇಲಿನ ಮೂಲೆ, ಅಥವಾ ಕೆಳಗೆ ನೆಲ: ಇದು ಉಬ್ಬಿದ್ದಲ್ಲ, ಬಾಗಿಲು ಜೋತುಬಿದ್ದಿದೆ. ಹಿಡಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಅಲ್ಲಾಡಿದರೆ ಮೇಲಿನ ಕೀಲಿನ ಸ್ಕ್ರೂ ಸಡಿಲ. ಬಾಗಿಲ ಕೆಳಗೆ ಮರದ ಚೂರು ಕೊಟ್ಟು ಭಾರ ಹೊರಿಸಿ, ಸ್ಕ್ರೂ ಬಿಗಿ ಮಾಡಿ. ತೂತು ದೊಡ್ಡದಾಗಿ ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ, ಮದ್ದು ಕೆರೆದ ಬೆಂಕಿಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ತುಂಬಿ. ಒಂದು ದಿನ ಒಣಗಿದ ಮೇಲೆ ಸ್ಕ್ರೂ ಹಾಕಿ.

2. ಅಂಚಿನುದ್ದಕ್ಕೂ, ಮಳೆಗಾಲದಲ್ಲಿ ಮಾತ್ರ: ಇದು ಉಬ್ಬಿರೋದು. ಸದ್ಯಕ್ಕೆ ಉಜ್ಜೋ ಜಾಗಕ್ಕೆ ಮೇಣದಬತ್ತಿ ತಿಕ್ಕಿ. ಬೇಸಿಗೆಯಲ್ಲಿ ಆರು ಅಂಚಿಗೂ, ಅಂದರೆ ಎರಡು ಮುಖ, ನಾಲ್ಕು ಪಕ್ಕಕ್ಕೂ ಪೇಂಟ್ ಹೊಡೆಯಿರಿ. ಬಾಗಿಲ ತಲೆ ಮತ್ತು ತಳ ಕಣ್ಣಿಗೆ ಬೀಳಲ್ಲ ಅಂತ ಬಿಟ್ಟುಬಿಡ್ತೀವಿ. ನೀರು ಹೀರೋದು ಅಲ್ಲೇ ಜಾಸ್ತಿ.

3. ಚಿಲಕ ತೂತಿಗೆ ಕೂರದಿದ್ದರೆ: ಚಿಲಕದ ತುದಿಗೆ ಕುಂಕುಮ ಅಥವಾ ಸೀಮೆಸುಣ್ಣ ಹಚ್ಚಿ ಬಾಗಿಲು ಹಾಕಿ. ಚೌಕಟ್ಟಿನ ಮೇಲೆ ಗುರುತು ಬೀಳತ್ತೆ. ಸ್ವಲ್ಪ ವ್ಯತ್ಯಾಸ ಇದ್ದರೆ ತಗಡಿನ ತೂತನ್ನು ಅರದಿಂದ ಉಜ್ಜಿ ಸಾಕು. ಹೆಚ್ಚಿದ್ದರೆ ಮೊದಲು ಕೀಲು ನೋಡಿ.

4. ಕಿರ್ ಅನ್ನೋ ಸದ್ದು: ಅಡುಗೆ ಎಣ್ಣೆಗೆ ಧೂಳು ಕೂತು ಅಂಟಾಗತ್ತೆ. ಕೀಲಿನ ಕಡ್ಡಿ ಬಿಚ್ಚೋಕೆ ಬರುವಂತಿದ್ದರೆ, ಒಂದು ಸಲಕ್ಕೆ ಒಂದೇ ಕೀಲಿನದು ತೆಗೆದು, ಒರೆಸಿ, ಮೇಣ ಸವರಿ ಹಾಕಿ. ಎಲ್ಲಾ ಒಟ್ಟಿಗೆ ತೆಗೆದರೆ ಬಾಗಿಲು ಮೈಮೇಲೆ ಬೀಳತ್ತೆ.

ಬಚ್ಚಲುಮನೆ ಬಾಗಿಲನ್ನು ಮಾತ್ರ ನಾಳೆ ನೋಡೋಣ ಅನ್ನಬೇಡಿ. ಒಳಗೆ ಅಜ್ಜಿ ಜಾರಿಬಿದ್ದಾಗ ಬಾಗಿಲು ಹಿಡಿದುಕೊಂಡರೆ ಒಡೆಯೋದೇ ದಾರಿ. ರಿಪೇರಿ ಆಗೋವರೆಗೆ ಮನೆಯ ಹಿರಿಯರು ಅಗಣಿ ಹಾಕದ ಹಾಗೆ ನೋಡಿಕೊಳ್ಳಿ.

ಹಾಗಾದರೆ ಹೆರೆಸೋದು ಯಾವಾಗ? ಕೀಲು ಬಿಗಿಯಾಗಿದ್ದು, ಬೇಸಿಗೆಯಲ್ಲೂ ಉಜ್ಜುತ್ತಿದ್ದರೆ ಆಗ. ಉಜ್ಜೋ ಜಾಗ ಗುರುತು ಹಾಕಿ, 1-2 ಮಿ.ಮೀ. ಮಾತ್ರ ತೆಗೆಸಿ, ಬರಿ ಮರ ಬಿಡದೆ ತಕ್ಷಣ ಪೇಂಟ್ ಮಾಡಿ. ತಟ್ಟಿದರೆ ಟೊಳ್ಳು ಸದ್ದು ಬಂದರೆ ಗೆದ್ದಲು ಇರಬಹುದು. ಆಗ ಬೆಂಕಿಕಡ್ಡಿ ಕೆಲಸಕ್ಕೆ ಬರಲ್ಲ, ಆಚಾರ್ರನ್ನೇ ಕರೀರಿ.