ದುರ್ಬೀನಿಗೆ ನಮ್ಮ ಊರು, ನಮ್ಮ ಹೊತ್ತು ತಿಳಿಸುವುದು ಹೇಗೆ?



ಕಂಪ್ಯೂಟರ್ ದುರ್ಬೀನಿನಲ್ಲಿ ಎರಡು ಭಾಗ ಇರುತ್ತವೆ. ಮೇಲೆ ನೋಡುವ ಕೊಳವೆ, ಕೆಳಗೆ ಅದನ್ನು ತಿರುಗಿಸುವ ಮೋಟಾರುಗಳಿರುವ ಪೀಠ. ಈ ಪೀಠಕ್ಕೆ ಮೌಂಟ್ ಅನ್ನುತ್ತಾರೆ. ಅದಕ್ಕೆ ಟಿ.ವಿ. ರಿಮೋಟಿನಂಥ ಒಂದು ಡಬ್ಬಿ ವೈರಿನಿಂದ ಸೇರಿರುತ್ತದೆ. ರಿಮೋಟಿನಲ್ಲಿ ನಕ್ಷತ್ರದ ಹೆಸರು ಒತ್ತಿದರೆ ಕೊಳವೆ ಗುಂಯ್ ಅಂತ ತಿರುಗಿ ಅದರ ಕಡೆ ನಿಲ್ಲುತ್ತದೆ. ನೋಡಿದವರು "ಎಷ್ಟು ಶಾಣ್ಯಾ ಐತಿ" ಅನ್ನುತ್ತಾರೆ. ಆದರೆ ಸಾಮಾನ್ಯ ಮೌಂಟಿಗೆ ಆಕಾಶ ಕಾಣುವುದೇ ಇಲ್ಲ! ಅದು ಕುರುಡ ಲೆಕ್ಕಿಗನ ಹಾಗೆ. ಸಾವಿರಾರು ನಕ್ಷತ್ರಗಳ ವಿಳಾಸ ಅದರ ನೆನಪಿನಲ್ಲಿದೆ. ಭೂಮಿ ತಿರುಗುತ್ತಲೇ ಇರುವುದರಿಂದ ಈಗ ಆ ನಕ್ಷತ್ರ ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕಬೇಕು. ಅದಕ್ಕೇ ಮೊದಲು ನಮ್ಮನ್ನು ಕೇಳುತ್ತದೆ: ನೀವು ಎಲ್ಲಿದ್ದೀರಿ? ಇವತ್ತು ಯಾವ ತಾರೀಖು? ಗಂಟೆ ಎಷ್ಟು?

ಕಳೆದ ಮಾರ್ಚಿನಲ್ಲಿ ನಮ್ಮ ಶಾಲೆಗೆ ಇಂಥ ದುರ್ಬೀನು ಒಂದೇ ಒಂದು ರಾತ್ರಿ ಬಂದಿತ್ತು. ಲುಬ್ಧಕ ನಕ್ಷತ್ರ ದಕ್ಷಿಣದ ಕಡೆ ಮೇಲೆ ಫಳಫಳ ಹೊಳೆಯುತ್ತಿತ್ತು. ಯಂತ್ರ ಮಾತ್ರ ಅದು ದಿಗಂತದ ಕೆಳಗಿದೆ ಅಂದಿತು. "ಇದೇನ್ರೀ ಸರ್, ನಮಗ ಕಾಣ್ತೈತಿ, ಇದಕ್ಕ ಯಾಕ ಕಾಣವಲ್ದು?" ಎಂದು ಹುಡುಗರು ನಕ್ಕರು. ಒಳಗೆ ಅಮೆರಿಕದ ಪೂರ್ವ ಭಾಗದ ಕಾಲವಲಯ ಹಾಗೇ ಉಳಿದಿತ್ತು. ಅದು ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಒಂದನೇ, ಎರಡನೇ ಇಯತ್ತೆಯ ಸಣ್ಣ ಮಕ್ಕಳು ಸಾಲಿನಲ್ಲೇ ತೂಕಡಿಸಿ, ಏನೂ ನೋಡದೆ ಅವ್ವಂದಿರ ಜೊತೆ ಮನೆಗೆ ಹೋದರು. ಮುಂದಿನ ಸಲ ಹೀಗಾಗಬಾರದೆಂದು ನಮ್ಮ ಗಣಿತದ ಅಕ್ಕೋರ ಹತ್ತಿರ ಕೇಳಿ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕ ಸುಲಭ ಇದೆ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, 4 ನಿಮಿಷಕ್ಕೆ 1 ಡಿಗ್ರಿ. ಹುಣ್ಣಿಮೆ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ ಅಷ್ಟೇ. ಆದ್ದರಿಂದ ಗಡಿಯಾರ 4 ನಿಮಿಷ ಮುಂದಿದ್ದರೆ ಕೊಳವೆ ಎರಡು ಚಂದ್ರನಷ್ಟು ಪಕ್ಕಕ್ಕೆ ಹೋಗಬಹುದು. ಒಂದು ಗಂಟೆ ತಪ್ಪಿದರೆ ಮೂವತ್ತು ಚಂದ್ರ! ಅಮೆರಿಕದ ಆ ವಲಯ ಸೊನ್ನೆ ವಲಯಕ್ಕಿಂತ 5 ಗಂಟೆ ಹಿಂದೆ, ನಮ್ಮದು ಐದೂವರೆ ಗಂಟೆ ಮುಂದೆ. ಕೂಡಿಸಿರಿ, ಹತ್ತೂವರೆ ಗಂಟೆ. ಲುಬ್ಧಕ ಪಾಪ ನೆಲದೊಳಗೆ ಹೋಗದೆ ಏನು ಮಾಡುತ್ತದೆ?

ಊರು ಸ್ವಲ್ಪ ತಪ್ಪಿದರೆ ಇಷ್ಟು ಕಷ್ಟವಿಲ್ಲ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. ನಮ್ಮ ಊರಿನ ಬದಲು ಧಾರವಾಡದ ಅಂಕಿ ಕೊಟ್ಟರೂ ನಡೆಯುತ್ತದೆ. ಧಾರವಾಡ 15 ಡಿಗ್ರಿ 27 ಮಿನಿಟು ಉತ್ತರ, 75 ಡಿಗ್ರಿ ಪೂರ್ವ. ಮೊಬೈಲಿನಲ್ಲಿ ಇದು 15.46 ಎಂದು ಬರುತ್ತದೆ. ಅದನ್ನು 15 ಡಿಗ್ರಿ 46 ಮಿನಿಟು ಎಂದು ಒತ್ತಬಾರದು. ಚುಕ್ಕೆಯ ನಂತರದ 0.46 ಅನ್ನು 60 ರಿಂದ ಗುಣಿಸಿದರೆ ಸುಮಾರು 27 ಬರುತ್ತದೆ. ಪೂರ್ವದ ಜಾಗದಲ್ಲಿ ಪಶ್ಚಿಮ ಇದ್ದರಂತೂ ಕಥೆ ಮುಗಿಯಿತು, ನಮ್ಮ ಶಾಲೆ ಕೆರಿಬಿಯನ್ ಸಮುದ್ರದಲ್ಲಿ ಮುಳುಗಿಹೋಗುತ್ತದೆ. ಭೂಪಟದಲ್ಲಿ ಬೆರಳಿಟ್ಟು ನೋಡಿರಿ.

ಇನ್ನೊಂದು ಮಜಾ. ನಮ್ಮ ದೇಶದ ಗಡಿಯಾರ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯದು. 1906 ರಿಂದ ಈ ಸಮಯ ಬಂತು. ಅದರಿಂದ ಧಾರವಾಡ ಏಳೂವರೆ ಡಿಗ್ರಿ ಪಶ್ಚಿಮಕ್ಕಿದೆ. ಏಳೂವರೆಯನ್ನು 4 ರಿಂದ ಗುಣಿಸಿದರೆ ಸರಿಯಾಗಿ 30 ನಿಮಿಷ! ಅದಕ್ಕೇ ನಮ್ಮಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು 12 ಕ್ಕೆ ಅಲ್ಲ, ಸುಮಾರು ಹನ್ನೆರಡೂವರೆಗೆ. ಈ ಅರ್ಧ ಗಂಟೆಯನ್ನು ನಾವು ಕಳೆಯಬೇಕಾಗಿಲ್ಲ. ಯಂತ್ರಕ್ಕೆ ಕೈಗಡಿಯಾರದ ಸಮಯವನ್ನೇ ಕೊಟ್ಟರೆ ರೇಖಾಂಶ ನೋಡಿ ತಾನೇ ಕಳೆದುಕೊಳ್ಳುತ್ತದೆ.

ತಾರೀಖಿನಲ್ಲಿ ಜೋಪಾನ. ಅನೇಕ ಯಂತ್ರಗಳು ಅಮೆರಿಕದ ಪದ್ಧತಿಯಂತೆ ಮೊದಲು ತಿಂಗಳು, ಆಮೇಲೆ ದಿನ ಕೇಳುತ್ತವೆ. ಮಾರ್ಚ್ 4 ಕ್ಕೆ ನಾವು 04-03 ಎಂದು ಒತ್ತಿದರೆ ಅದು ಏಪ್ರಿಲ್ 3 ಎಂದು ತಿಳಿಯುತ್ತದೆ. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುವುದರಿಂದ 30 ದಿನಕ್ಕೆ ಎರಡು ಗಂಟೆ, ಅಂದರೆ 30 ಡಿಗ್ರಿ ತಪ್ಪು. ಮಾರ್ಚ್ 25 ಆದರೆ ಚಿಂತೆ ಇಲ್ಲ, 25 ನೇ ತಿಂಗಳು ಇಲ್ಲವಲ್ಲ. ತಿಂಗಳ ಮೊದಲ 12 ದಿನಗಳಲ್ಲೇ ಮೋಸ. ಚಂದ್ರನಂತೂ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತಾನೆ, ಒಂದು ದಿನ ತಪ್ಪಿದರೂ ಸಿಗುವುದಿಲ್ಲ.

ಡೇಲೈಟ್ ಸೇವಿಂಗ್ ಎಂದು ಒಂದು ಪ್ರಶ್ನೆ ಬರುತ್ತದೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಿಗೆ ಅದು. ನಮಗೆ ಬೇಡ, "ಇಲ್ಲ" ಅನ್ನಬೇಕು.

ಇದೆಲ್ಲ ಆದ ಮೇಲೆ ಹೆಸರು ಗೊತ್ತಿರುವ ಎರಡು ದೊಡ್ಡ ನಕ್ಷತ್ರಗಳನ್ನು ನಾವೇ ಯಂತ್ರಕ್ಕೆ ತೋರಿಸಬೇಕು. ಆಗ ಚೂರುಪಾರು ತಪ್ಪು ಸರಿಹೋಗುತ್ತದೆ. ಲುಬ್ಧಕ, ಬ್ರಹ್ಮಹೃದಯ ಗುರುತಿಸಲು ಬಾರದವರಿಗೆ ಎಷ್ಟು ರೊಕ್ಕದ ದುರ್ಬೀನು ತಂದರೂ ಇಲ್ಲಿ ತೊಡಕೇ. ಹಗಲು ಹೊತ್ತಿನಲ್ಲಿ ಮಾತ್ರ ಯಾರೂ ಗುಂಡಿ ಒತ್ತಿ ಆಟ ಆಡಬೇಡಿರಿ. ಸಮಯ ತಪ್ಪಿದ ಯಂತ್ರಕ್ಕೆ ಸೂರ್ಯ ಎಲ್ಲಿದ್ದಾನೆಂಬುದೂ ತಪ್ಪೇ ಇರುತ್ತದೆ. ಕೊಳವೆ ಅವನ ಮೇಲೆ ಹಾಯ್ದರೆ ನೋಡುವವರ ಕಣ್ಣು ಹೋಗುತ್ತದೆ.

ಕೆಲವು ರಿಮೋಟುಗಳಲ್ಲಿ ಅರ್ಧ ಗಂಟೆಯ ಕಾಲವಲಯ ಇಲ್ಲದಿದ್ದರೆ ಒಂದು ಉಪಾಯ ಇದೆ. ವಲಯ ಸೊನ್ನೆ ಎಂದಿಟ್ಟು, ನಮ್ಮ ಸಮಯದಲ್ಲಿ 5 ಗಂಟೆ 30 ನಿಮಿಷ ಕಳೆದು ಕೊಡಬೇಕು. ಸಂಜೆ 7-30 ಕ್ಕೆ ಮಧ್ಯಾಹ್ನ 2-00 ಎಂದು. ಬೆಳಗಿನ ಜಾವ 4 ಕ್ಕೆ ನೋಡುವುದಾದರೆ ರಾತ್ರಿ 10-30 ಆಗುತ್ತದೆ, ತಾರೀಖನ್ನೂ ಹಿಂದಿನ ದಿನದ್ದೇ ಒತ್ತಬೇಕು.

ಈ ಅಂಕಿಗಳನ್ನೆಲ್ಲ ರಟ್ಟಿನ ಮೇಲೆ ಬರೆದು ವಿಜ್ಞಾನದ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇವೆ. ದುರ್ಬೀನು ಮತ್ತೆ ಬಂದಾಗ ಒಂದನೇ ಇಯತ್ತೆಯವರನ್ನು ಸಾಲಿನಲ್ಲಿ ಮುಂದೆ ನಿಲ್ಲಿಸಲು ಅಕ್ಕೋರು ಒಪ್ಪಿದ್ದಾರೆ.